‘ಬಿಲ್ಲಲ್ಲಿ ಕಳೀತೀವಿ’ ಅನ್ನುವ ಎಸ್ಟಿಮೇಟ್ ಚಾರ್ಜ್ ಬಗ್ಗೆ ಸ್ವಲ್ಪ ಹುಷಾರು

ಮನೆ ರಿಪೇರಿಗೆ ಎಸ್ಟಿಮೇಟ್ ಹಾಕಿಸೋಕೆ ಯಾರಿಗಾದರೂ ಫೋನ್ ಮಾಡುವವರಿದ್ದರೆ, ಮಾಡುವ ಮುಂಚೆ ಇದನ್ನು ಓದಿ. ಸ್ವಲ್ಪ ಉದ್ದ ಇದೆ. ನನಗೆ ಬಂದ ಸಿಟ್ಟೂ ಅಷ್ಟೇ ಉದ್ದ ಇತ್ತು.

ಶುರುವಾಗಿದ್ದು ಒಂದು ಬೀರುವಿನಿಂದ. ಕಸ ಗುಡಿಸೋಕೆ ಅಂತ ಮಲಗುವ ಕೋಣೆಯ ಬೀರು ಎಳೆದರೆ, ಅದರ ಹಿಂಬದಿಯ ಪ್ಲೈವುಡ್ ತುಂಬ ಕಪ್ಪು ಬೂಷ್ಟು. ಗೋಡೆಯ ಬಣ್ಣ ಗುಳ್ಳೆ ಗುಳ್ಳೆಯಾಗಿ ಎದ್ದಿತ್ತು. ಬೆರಳಿಂದ ಒತ್ತಿದೆ. ಸಿಪ್ಪೆ ಉದುರಿತು, ಒಳಗೆ ಬೆಳ್ಳಗೆ ಉಪ್ಪಿನಂಥ ಪುಡಿ. ಆ ಗೋಡೆಯ ಆಚೆ ಬದಿಗೆ ನಮ್ಮ ಬಚ್ಚಲುಮನೆ.

ತೇವ ಎಲ್ಲಿಯವರೆಗೆ ಬಂದಿದೆ ಅಂತ ಪೆನ್ಸಿಲಲ್ಲಿ ಗೆರೆ ಎಳೆದು ತಾರೀಖು ಬರೆದಿಟ್ಟೆ. ಅಮ್ಮನ ಮನೆಯಲ್ಲಿ ನೋಡಿ ಕಲಿತ ಅಭ್ಯಾಸ. ಅದಾದ ಮೇಲೆ ಮನೆಯವರೆಲ್ಲ 5 ದಿನ ಊರಲ್ಲಿರಲಿಲ್ಲ. ಬಚ್ಚಲಿಗೆ ಒಂದು ಚೊಂಬು ನೀರೂ ಬಿದ್ದಿಲ್ಲ. ವಾಪಸ್ ಬಂದು ನೋಡಿದರೆ ತೇವ ಗೆರೆ ದಾಟಿ ಎರಡು ಬೆರಳು ಮೇಲೆ ಹೋಗಿತ್ತು. ಈ ಎರಡು ಬೆರಳನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

ವಾಟರ್‌ಪ್ರೂಫಿಂಗ್ ಮಾಡುವವರಿಗೆ ಫೋನ್ ಮಾಡಿದಾಗ ಆ ಕಡೆಯವರು ತುಂಬ ನಯವಾಗಿ ಮಾತಾಡಿದರು. "ಎಸ್ಟಿಮೇಟ್ ಫ್ರೀ ಮೇಡಂ. ಇನ್‌ಸ್ಪೆಕ್ಷನ್ ಚಾರ್ಜ್ ಮಾತ್ರ ಇರುತ್ತೆ." ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗೆ. ನಾನು ಸುಮ್ಮನಿದ್ದಿದ್ದು ನೋಡಿ ತಕ್ಷಣ ಸೇರಿಸಿದರು: "ಕೆಲಸ ನಮಗೇ ಕೊಟ್ಟರೆ ಅದನ್ನ ಬಿಲ್ಲಲ್ಲಿ ಕಳೀತೀವಿ." ಸರಿ, ನ್ಯಾಯವಾಗೇ ಇದೆ ಅನ್ನಿಸಿತು. ಬಂದು ಹೋಗೋಕೆ ಪೆಟ್ರೋಲ್ ಬೇಕು, ಅರ್ಧ ದಿನ ಹೋಗುತ್ತೆ. ಫ್ರೀಯಾಗಿ ಯಾಕೆ ಬರಬೇಕು?

ಬಂದವರು ಮೇಸ್ತ್ರಿಯೂ ಅಲ್ಲ, ಪ್ಲಂಬರೂ ಅಲ್ಲ. ಇಸ್ತ್ರಿ ಮಾಡಿದ ಶರ್ಟು, ಕೈಯಲ್ಲಿ ಟ್ಯಾಬ್, ಜೇಬಲ್ಲಿ ಎರಡು ಮುಳ್ಳಿನ ಒಂದು ಚಿಕ್ಕ ಮೀಟರ್. ಬಾಗಿಲಲ್ಲೇ ಕ್ಯೂಆರ್ ಕೋಡ್ ತೋರಿಸಿ ಮೊದಲು ದುಡ್ಡು ಇಸ್ಕೊಂಡರು. ಆಮೇಲೆ ಮೀಟರಿನ ಮುಳ್ಳನ್ನು ಆ ಬಿಳಿ ಪುಡಿ ಇರುವ ಜಾಗಕ್ಕೇ ಚುಚ್ಚಿದರು. ಬೀಪ್ ಅಂತ ಕಿರುಚಿ ಕೆಂಪು ದೀಪ ಹತ್ತಿತು. "ನೋಡಿ ಮೇಡಂ, ಫುಲ್ ಸ್ಯಾಚುರೇಟ್ ಆಗಿದೆ" ಅಂದರು. ನನ್ನ ಎದೆ ಧಸಕ್ ಅಂತು.

ಈಗ ಗೊತ್ತಿರೋದು ಆಗ ಗೊತ್ತಿದ್ದರೆ ನಕ್ಕುಬಿಡುತ್ತಿದ್ದೆ. ಆ ಮೀಟರ್ ನೀರನ್ನು ನೇರವಾಗಿ ಅಳೆಯೋದೇ ಇಲ್ಲ. ಎರಡು ಮುಳ್ಳಿನ ನಡುವೆ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತೆ ಅನ್ನೋದನ್ನು ನೋಡಿ ತೇವ ಇಷ್ಟು ಅಂತ ಲೆಕ್ಕ ಹಾಕುತ್ತೆ, ಅಷ್ಟೇ. ಉಪ್ಪು ಇದ್ದಲ್ಲಿ ಕರೆಂಟ್ ಸಲೀಸಾಗಿ ಹರಿಯುತ್ತೆ, ಹಾಗಾಗಿ ಉಪ್ಪು ಬಂದ ಗೋಡೆಯಲ್ಲಿ ಇರುವುದಕ್ಕಿಂತ ಜಾಸ್ತಿ ತೇವ ತೋರಿಸುತ್ತೆ. ಅದೂ ಅಲ್ಲದೆ ಇಂಥ ಮೀಟರುಗಳ ಅಂಕಿ ಸಾಮಾನ್ಯವಾಗಿ ಮರಕ್ಕೆ ಅಂತ ಹೊಂದಿಸಿದ್ದು. ಗಾರೆ ಗೋಡೆಯಲ್ಲಿ ಆ ಅಂಕಿಗೆ ತನ್ನಷ್ಟಕ್ಕೇ ಅರ್ಥ ಇಲ್ಲ. ಇಲ್ಲಿಗಿಂತ ಅಲ್ಲಿ ಜಾಸ್ತಿ ಒದ್ದೆ ಅಂತ ಹೋಲಿಸೋಕೆ ಆಗುತ್ತೆ. ಇವರು ಹೋಲಿಸಲೇ ಇಲ್ಲ. ಒಂದೇ ಕಡೆ ಚುಚ್ಚಿ, ಬೀಪ್ ಕೇಳಿಸಿ, ಜೇಬಿಗೆ ಹಾಕಿಕೊಂಡರು.

ಊರಲ್ಲಿಲ್ಲದಾಗಲೂ ತೇವ ಏರಿದ್ದನ್ನು ಹೇಳಿದೆ, ಪೆನ್ಸಿಲ್ ಗೆರೆ ತೋರಿಸಿದೆ. "ಹೌದು ಹೌದು, ಹಾಗೇ ಆಗುತ್ತೆ" ಅಂದರು. ಬಚ್ಚಲಿನ ಟೈಲ್ಸ್ ಮೇಲೆ ಬೀಗದ ಕೈಯಿಂದ ಟಕ್ ಟಕ್ ಅಂತ ಬಡಿದು "ಟೊಳ್ಳು ಹೊಡೀತಿದೆ, ಪೂರ್ತಿ ಎಬ್ಬಿಸಬೇಕು" ಅಂದರು. ಟೇಪ್ ಹಿಡಿಯಲಿಲ್ಲ. ಹೆಜ್ಜೆ ಎಣಿಸಿದರು. ಬಂದು ಹೋಗಿದ್ದು ಒಟ್ಟು 11 ನಿಮಿಷ. ಗಡಿಯಾರ ಎದುರಿಗೇ ಇತ್ತು.

ಮಾರನೇ ದಿನ ವಾಟ್ಸ್ಆ್ಯಪಲ್ಲಿ ಎಸ್ಟಿಮೇಟ್ ಬಂತು. ಎರಡು ಸಾಲು. "ಬಾತ್‌ರೂಮ್ ಕಂಪ್ಲೀಟ್ ವಾಟರ್‌ಪ್ರೂಫಿಂಗ್, 310 ಚದರಡಿ, ಮೆಟೀರಿಯಲ್ ಸಹಿತ." ಕೆಳಗೆ ಒಂದು ದೊಡ್ಡ ಮೊತ್ತ. ಯಾವ ಮೆಟೀರಿಯಲ್, ಎಷ್ಟು ಕೋಟ್, ಹಳೇ ಟೈಲ್ಸ್ ಸಾಗಿಸೋದು ಯಾರು, ಒಂದೂ ಇಲ್ಲ. ವಿವರ ಕೇಳಿದ್ದಕ್ಕೆ "ಡೀಟೇಲ್ಡ್ ಎಸ್ಟಿಮೇಟಿಗೆ ಬೇರೆ ಚಾರ್ಜ್ ಮೇಡಂ" ಅನ್ನುವ ಉತ್ತರ. ಹಾಗಾದರೆ ನಾನು ದುಡ್ಡು ಕೊಟ್ಟಿದ್ದು ಯಾತಕ್ಕೆ? ಅದರ ಜೊತೆ ಇನ್ನೊಂದು ಮಾತು: 7 ದಿನದೊಳಗೆ ಅಡ್ವಾನ್ಸ್ ಕೊಟ್ಟರೆ ಮಾತ್ರ ಇನ್‌ಸ್ಪೆಕ್ಷನ್ ಚಾರ್ಜ್ ಕಳೆಯೋದು.

ಆಗಲೇ ಬಿಟ್ಟುಬಿಡಬೇಕಿತ್ತು. ಇನ್ನಿಬ್ಬರನ್ನು ಕರೆದು ತೋರಿಸೋಣ ಅಂತ ನಾನೂ ಅಂದೆ. ನಮ್ಮ ಯಜಮಾನರು, "ಹೇಗೂ ಇವರಿಗೆ ಕೊಟ್ಟಾಗಿದೆ. ಇನ್ನೊಬ್ಬರು ಬಂದರೆ ಅವರಿಗೂ ಕೊಡಬೇಕು, ಇದೂ ಹೋಗುತ್ತೆ. ಸುಮ್ನೆ ಇವರಿಗೇ ವಹಿಸೋಣ ಬಿಡು" ಅಂದರು. ಅವರನ್ನು ಬೈಯಲ್ಲ, ಒಳಗೊಳಗೆ ನನಗೂ ಹಾಗೇ ಅನ್ನಿಸಿತ್ತು. ಸಣ್ಣ ದುಡ್ಡು ಉಳಿಸೋಕೆ ಅದರ ಎಷ್ಟೋ ಪಟ್ಟು ದೊಡ್ಡ ದುಡ್ಡನ್ನು ಕಣ್ಣು ಮುಚ್ಚಿ ಕೊಟ್ಟೆವು.

ನಾನು ಎಚ್ಚರಿಸುತ್ತಿರೋದು ಈ ಜಾಗದ ಬಗ್ಗೆ. ಶುಲ್ಕ ತಗೊಳ್ಳೋದರಲ್ಲಿ ಮೋಸ ಇಲ್ಲ. ಆ "ಕಳೀತೀವಿ" ಅನ್ನೋದು ಗಾಳ. ಒಮ್ಮೆ ಕೊಟ್ಟ ಮೇಲೆ ಅದನ್ನು ದಂಡ ಮಾಡಿಕೊಳ್ಳೋಕೆ ಮನಸ್ಸು ಬರಲ್ಲ. 1985ರಲ್ಲಿ ಆರ್ಕ್ಸ್, ಬ್ಲೂಮರ್ ಅನ್ನುವ ಇಬ್ಬರು ಸಂಶೋಧಕರು ಇದನ್ನೇ ಬರೆದಿದ್ದಾರೆ. ನಾಟಕಗಳ ಸೀಸನ್ ಟಿಕೆಟನ್ನು ಕೆಲವರಿಗೆ ಪೂರ್ತಿ ಬೆಲೆಗೆ, ಕೆಲವರಿಗೆ ರಿಯಾಯಿತಿಯಲ್ಲಿ ಮಾರಿಸಿದರಂತೆ. ಸೀಸನ್ನಿನ ಮೊದಲರ್ಧದಲ್ಲಿ ಪೂರ್ತಿ ಬೆಲೆ ಕೊಟ್ಟವರೇ ಜಾಸ್ತಿ ನಾಟಕಕ್ಕೆ ಹೋದರು. ನಾಟಕ ಎಲ್ಲರಿಗೂ ಅದೇ. ಕೊಟ್ಟ ದುಡ್ಡು ಮಾತ್ರ ಬೇರೆ. ನಾವೂ ಅದೇ ಸಾಲಿನಲ್ಲಿ ಹೋಗಿ ಕೂತೆವು, ನಾಟಕ ನಮ್ಮ ಮನೆಯಲ್ಲೇ ನಡೆಯಿತು ಅನ್ನೋದೊಂದು ವ್ಯತ್ಯಾಸ.

ನಾಟಕ ಚಿಕ್ಕದಾಗಿ ಹೇಳುತ್ತೇನೆ. ಟೈಲ್ಸ್ ಒಡೆದರು. ಎರಡನೇ ದಿನ "ಟೈಲ್ಸ್ ಕೆಳಗಿನ ಗಾರೆ ಬೆಡ್ ಹಾಳಾಗಿದೆ, ಅದು ಎಸ್ಟಿಮೇಟಲ್ಲಿ ಇರಲಿಲ್ಲ" ಅಂತ ಎಕ್ಸ್‌ಟ್ರಾ. ಮೂರು ದಿನ ಬಿಟ್ಟು ಟ್ರ್ಯಾಪ್, ಅಂದರೆ ನೆಲದಿಂದ ನೀರು ಹೊರಹೋಗುವ ಬಾಯಿ, ಬದಲಿಸೋಕೆ ಇನ್ನೊಂದು ಎಕ್ಸ್‌ಟ್ರಾ. ಕೇಳಿದರೆ "ಎಸ್ಟಿಮೇಟ್ ಅಂದರೆ ಅಂದಾಜು ಅಲ್ವಾ ಮೇಡಂ" ಅನ್ನೋರು. ಅದು ನಿಜವೇ. ಎಸ್ಟಿಮೇಟ್ ಅಂದಾಜು, ಕೊಟೇಶನ್ ಅಂದರೆ ಇಷ್ಟು ಕೆಲಸಕ್ಕೆ ಇಷ್ಟೇ ದುಡ್ಡು ಅನ್ನುವ ಮಾತು. ಒಪ್ಪಿದ ಮೇಲೆ ಕೆಲಸ ಬದಲಾಗದೆ ಮೊತ್ತ ಬದಲಾಗಬಾರದು. ನಾನು ಕೇಳಬೇಕಿದ್ದಿದ್ದು ಎರಡನೆಯದನ್ನು. ಮೂರು ವಾರ ಪಕ್ಕದ ಮನೆಯವರ ಬಚ್ಚಲಲ್ಲಿ ಸ್ನಾನ ಮಾಡಿದೆವು. ಮುಜುಗರದ ಲೆಕ್ಕ ಯಾವ ಬಿಲ್ಲಲ್ಲೂ ಬರಲ್ಲ.

ನೀರು ನಿಲ್ಲಿಸಿ ಪರೀಕ್ಷೆ ಮಾಡಿದಿರಾ ಅಂತ ಕೇಳಿದೆ. ಟೈಲ್ಸ್ ಹಾಕುವ ಮುಂಚೆ ಟ್ರ್ಯಾಪಿನ ಬಾಯಿ ಮುಚ್ಚಿ, ನೆಲದ ಮೇಲೆ ಒಂದು ಇಂಚು ನೀರು ನಿಲ್ಲಿಸಿ, ಕನಿಷ್ಠ 24 ಗಂಟೆ ಬಿಟ್ಟು ನೋಡಬೇಕು. "ಟೈಮ್ ಇಲ್ಲ ಮೇಡಂ, ಗ್ಯಾರಂಟಿ ಕೊಡ್ತೀವಲ್ಲ" ಅಂದರು. ಗ್ಯಾರಂಟಿ ಕಾಗದ ಇನ್ನೂ ಬಂದಿಲ್ಲ.

ಕೊನೆಯ ಬಿಲ್ಲು ಬಂತು. ಇನ್‌ಸ್ಪೆಕ್ಷನ್ ಚಾರ್ಜ್ ಕಳೆದಿದ್ದರು, ಮಾತು ತಪ್ಪಲಿಲ್ಲ. ಅದರ ಮೇಲಿನ ಸಾಲಲ್ಲಿ "ಸೈಟ್ ಕ್ಲೀನಿಂಗ್" ಅಂತ ಒಂದು ಹೊಸ ಬಾಬತ್ತು. ಮೊತ್ತ? ಕಳೆದಿದ್ದು ಎಷ್ಟೋ ಸರಿಯಾಗಿ ಅಷ್ಟೇ. ನಮ್ಮತ್ತೆ ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, "ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ" ಅಂತ ಬಿಲ್ಲು ಮಡಚಿ ನನ್ನ ಕೈಗಿಟ್ಟರು.

ಅವತ್ತು ರಾತ್ರಿ ಟೇಪ್ ತಗೊಂಡು ನಾನೇ ಅಳೆದೆ. ಬಚ್ಚಲು 6 ಅಡಿ, 8 ಅಡಿ. ನೆಲ 48 ಚದರಡಿ. ನಾಲ್ಕೂ ಗೋಡೆ ಸುತ್ತ 28 ಅಡಿ, ಟೈಲ್ಸ್ ಇರೋದು 7 ಅಡಿ ಎತ್ತರಕ್ಕೆ, ಅಂದರೆ 196. ಬಾಗಿಲಿಗೆ ಹದಿನೇಳೂವರೆ ಕಳೆಯಿರಿ. ಎಲ್ಲಾ ಸೇರಿ 227 ಚದರಡಿಯೂ ಆಗಲ್ಲ. ಅವರು ಹಾಕಿದ್ದು 310. ಮಿಕ್ಕ 83 ಚದರಡಿ ಬಚ್ಚಲು ನಮ್ಮ ಮನೆಯಲ್ಲಿ ಎಲ್ಲಿದೆ ಅಂತ ಇವತ್ತಿಗೂ ಹುಡುಕುತ್ತಿದ್ದೇನೆ. ಹತ್ತು ನಿಮಿಷದ ಲೆಕ್ಕ ಇದು. ಅಡ್ವಾನ್ಸ್ ಕೊಡುವ ಮುಂಚೆ ಮಾಡಿದ್ದರೆ!

ಇಷ್ಟಾದರೂ ಗೋಡೆ ಒಣಗಿದ್ದರೆ ಈ ಬರಹ ಬರೀತಿರಲಿಲ್ಲ. ಎರಡು ತಿಂಗಳಿಗೆ ಹೊಸ ಬಣ್ಣವೂ ಗುಳ್ಳೆ ಎದ್ದಿತು.

ಆಮೇಲೆ ಬಂದವರು ವಯಸ್ಸಾದ ಒಬ್ಬ ಪ್ಲಂಬರ್. ಅವರೂ ದುಡ್ಡು ಕೇಳಿದರು, ಅದೂ ಫೋನಲ್ಲೇ. "ಬಂದು ನೋಡೋದಕ್ಕೆ ಇಷ್ಟು ಕೊಡಬೇಕಮ್ಮಾ. ನೀರು ಎಲ್ಲಿಂದ ಬರ್ತಿದೆ ಅಂತ ನಿಮ್ಮ ಕಣ್ಣಿಗೆ ತೋರಿಸಿ, ಚೀಟಿಯಲ್ಲಿ ಬರೆದುಕೊಟ್ಟು ಹೋಗ್ತೀನಿ. ಗೊತ್ತಾಗದಿದ್ದರೆ ಅರ್ಧ ಕೊಡಿ ಸಾಕು. ಕೆಲಸ ಯಾರ ಹತ್ರ ಬೇಕಾದರೂ ಮಾಡಿಸಿಕೊಳ್ಳಿ, ಇದನ್ನ ನಾನು ಬಿಲ್ಲಲ್ಲಿ ಕಳೆಯಲ್ಲ." ಮೊದಲನೆಯವರು ತಗೊಂಡಿದ್ದೂ ಹೆಚ್ಚುಕಡಿಮೆ ಅಷ್ಟೇ.

ಗೋಡೆ ಮುಟ್ಟುವ ಮುಂಚೆ ಅವರು ಒಂದಷ್ಟು ಕೇಳಿದರು. ಸ್ನಾನ ಆದ ಮೇಲೆ ಜಾಸ್ತಿ ಒದ್ದೆ ಆಗುತ್ತಾ? ಮಳೆ ಬಂದಾಗ? ಮನೆಯಲ್ಲಿ ಯಾರೂ ಇಲ್ಲದಿದ್ದಾಗ? ನಾನು ಪೆನ್ಸಿಲ್ ಗೆರೆಯ ಕತೆ ಹೇಳಿದ್ದೇ ತಡ, "ಅಯ್ಯೋ, ಅಲ್ಲೇ ಉತ್ತರ ಇತ್ತಲ್ಲಮ್ಮಾ" ಅಂದರು. ನೆಲದ ಸಂದಿನಿಂದಲೋ ಚರಂಡಿ ಪೈಪಿನಿಂದಲೋ ಸೋರುವುದಾದರೆ ಬಚ್ಚಲು ಬಳಸಿದಾಗ ಮಾತ್ರ ನೀರು ಬರಬೇಕು. ಬಳಸದೇ ಇದ್ದಾಗಲೂ ತೇವ ಏರಿದರೆ, ಯಾವಾಗಲೂ ನೀರು ತುಂಬಿರುವ ಪೈಪಿನ ಮೇಲೆ ಮೊದಲ ಅನುಮಾನ ಬರಬೇಕು.

ಮನೆಯ ಎಲ್ಲ ನಲ್ಲಿ ಬಂದ್ ಮಾಡಿಸಿದರು. ನೀರಿನ ಮೀಟರಿನ ಹತ್ತಿರ ನನ್ನನ್ನೂ ಕರೆದುಕೊಂಡು ಹೋಗಿ ಟಾರ್ಚ್ ಬಿಟ್ಟರು. ಗಾಜಿನೊಳಗೆ ಒಂದು ಪುಟ್ಟ ಕೆಂಪು ಚಕ್ರ. ನಿಧಾನಕ್ಕೆ, ಬೆರಳಲ್ಲಿ ತಳ್ಳಿದ ಹಾಗೆ, ತಿರುಗುತ್ತಲೇ ಇತ್ತು. ಮನೆಯಲ್ಲಿ ಒಂದು ಹನಿ ನೀರೂ ಯಾರೂ ಬಿಟ್ಟಿಲ್ಲ! ಆಮೇಲೆ ಬಚ್ಚಲಿಗೆ ಹೋಗುವ ವಾಲ್ವ್ ಒಂದನ್ನೇ ತಿರುಗಿಸಿ ಮುಚ್ಚಿದರು. ಚಕ್ರ ನಿಂತಿತು. ಅಲ್ಲಿಂದ ಹುಡುಕುತ್ತಾ ಹೋದರೆ ಷವರಿಗೆ ಏರುವ ಪೈಪಿನ ಎಲ್ಬೋ, ಅಂದರೆ ಪೈಪ್ ತಿರುಗುವ ಕಡೆಯ ಜೋಡಣೆ, ಗೋಡೆಯೊಳಗೆ ಜಿನುಗುತ್ತಿತ್ತು. ಒಂದು ಟೈಲ್ ತೆಗೆದಿದ್ದಷ್ಟೇ. ಒಂದು ಗಂಟೆಯ ಕೆಲಸ. ಇದಕ್ಕೆ ಮೂರು ವಾರ, ಇಡೀ ಬಚ್ಚಲು.

ಮೀಟರ್ ನೋಡೋದಕ್ಕೆ ಯಾರನ್ನೂ ಕರೆಯಬೇಕಾಗಿಲ್ಲ. ರಾತ್ರಿ ಮಲಗುವ ಮುಂಚೆ ಅಂಕಿ ಬರೆದಿಟ್ಟು ಬೆಳಗ್ಗೆ ನಲ್ಲಿ ತಿರುಗಿಸುವ ಮುಂಚೆ ನೋಡಿ. ಮೇಲೆ ಟ್ಯಾಂಕ್ ಇರುವವರು ಟ್ಯಾಂಕಿಗೆ ನೀರು ಬರುವ ವಾಲ್ವ್ ಮುಚ್ಚಿ, ನೀರಿನ ಮಟ್ಟಕ್ಕೆ ಒಂದು ಗುರುತು ಹಾಕಿ. ರಾತ್ರಿ ಯಾರೂ ನೀರು ಬಳಸಿರಬಾರದು, ಫ್ಲಶ್ ಕೂಡ.

ಹಾಗಾದರೆ ಎಸ್ಟಿಮೇಟಿಗೆ ದುಡ್ಡು ತಗೋಬಹುದಾ, ಬಾರದಾ ಅಂತ ನನ್ನ ನಾದಿನಿ ಕೇಳಿದಳು. ತಗೊಳ್ಳಲಿ ಅನ್ನೋದೇ ನನ್ನ ಉತ್ತರ. ಫ್ರೀ ಅನ್ನುವವರು ಓಡಾಟದ ಖರ್ಚನ್ನು ಕೈಯಿಂದ ಹಾಕಿಕೊಳ್ಳಲ್ಲ, ಕೆಲಸ ಕೊಟ್ಟವರ ಬಿಲ್ಲಲ್ಲಿ ಎಲ್ಲೋ ಒಂದು ಕಡೆ ಅದು ಕೂತಿರುತ್ತೆ. ನಾವೂ ಕಡಿಮೆ ಇಲ್ಲ ಬಿಡಿ. ಐದು ಜನರನ್ನು ಬಿಸಿಲಲ್ಲಿ ಓಡಾಡಿಸಿ, ಅವರ ಲೆಕ್ಕ ಇಟ್ಟುಕೊಂಡು ಆರನೆಯವರ ಹತ್ತಿರ ಚೌಕಾಸಿ ಮಾಡುತ್ತೇವೆ. ಗೋಡೆಗೆ ಬಣ್ಣ ಹೊಡೆಯೋದು, ಬಾಗಿಲು ಬದಲಿಸೋದು, ಇಂಥ ಕಣ್ಣಿಗೆ ಕಾಣುವ ಕೆಲಸಕ್ಕೆ ಟೇಪ್ ಹಿಡಿದು ಲೆಕ್ಕ ಹೇಳೋಕೆ ದುಡ್ಡು ಕೇಳಿದರೆ ನಾನಾದರೆ ಕೊಡಲ್ಲ. ರೋಗ ಏನು ಅಂತ ಹುಡುಕಬೇಕಾದ ಕೆಲಸಕ್ಕೆ ಸಂತೋಷವಾಗಿ ಕೊಡುತ್ತೇನೆ.

ಆದರೆ ಫೋನ್ ಇಡುವ ಮುಂಚೆ ಕೇಳಿ: ಬರುವವರು ಯಾರು, ಕೆಲಸ ಮಾಡುವವರೋ ಮಾರುವವರೋ? ಏನೇನು ಪರೀಕ್ಷೆ ಮಾಡುತ್ತೀರಿ? ಹೋಗುವಾಗ ನನ್ನ ಕೈಗೆ ಏನು ಕೊಡುತ್ತೀರಿ? ಅಳತೆ, ಮೆಟೀರಿಯಲ್, ಕೂಲಿ ಬೇರೆ ಬೇರೆ ಬರೆದಿರುತ್ತಾ? ಆ ಕಾಗದ ಇಟ್ಟುಕೊಂಡು ಬೇರೆಯವರ ಹತ್ತಿರ ಕೆಲಸ ಮಾಡಿಸಬಹುದಾ? ಕೊನೇ ಪ್ರಶ್ನೆಗೆ ಆ ಕಡೆಯಿಂದ ತಡವರಿಕೆ ಕೇಳಿಸಿದರೆ ಫೋನ್ ಇಟ್ಟುಬಿಡಿ. "ಕಳೀತೀವಿ" ಅಂದರೆ ಆ ದುಡ್ಡು ಹೋಯಿತು ಅಂತಲೇ ಲೆಕ್ಕ ಹಾಕಿ ಇನ್ನೊಬ್ಬರನ್ನೂ ಕರೆದು ತೋರಿಸಿ.

ಗೋಡೆಗೆ ಇನ್ನೂ ಬಣ್ಣ ಹೊಡೆಸಿಲ್ಲ. ಒಂದು ಇಂಚು ದಪ್ಪ ಒಣಗೋಕೆ ಸುಮಾರು ಒಂದು ತಿಂಗಳು ಬೇಕು, ಅವಸರ ಮಾಡಬೇಡಿ ಅಂತ ಪ್ಲಂಬರ್ ಹೇಳಿ ಹೋಗಿದ್ದಾರೆ. ಬೀರು ಕೋಣೆಯ ನಡುವೆ ನಿಂತಿದೆ, ರಾತ್ರಿ ಎದ್ದವರೆಲ್ಲ ಅದಕ್ಕೆ ಕಾಲು ತಗುಲಿಸಿಕೊಳ್ಳುತ್ತಾರೆ. ಪ್ರತಿ ಭಾನುವಾರ ಪೆನ್ಸಿಲಲ್ಲಿ ಹೊಸ ಗೆರೆ ಎಳೆಯುತ್ತೇನೆ. ಈ ವಾರದ್ದು ಹೋದ ವಾರಕ್ಕಿಂತ ಅರ್ಧ ಬೆರಳು ಕೆಳಗಿದೆ.