ಡರ್ಬಿ ಬೆಂಟ್ಲಿಗೆ ಯಾವ ಓವರ್‌ಡ್ರೈವ್ ಒಪ್ಪುತ್ತದೆ?

1930ರ ದಶಕದಲ್ಲಿ ಇಂಗ್ಲೆಂಡಿನ ದುಬಾರಿ ಕಾರು ಕೊಳ್ಳುವವರಿಗೆ ಒಂದು ಹಟವಿತ್ತು: ಟಾಪ್ ಗೇರಿನಲ್ಲೇ ಏರು ಹತ್ತಬೇಕು, ಪದೇ ಪದೇ ಗೇರ್ ಬದಲಿಸುವ ಗೊಡವೆ ಬೇಡ. ಅದಕ್ಕಾಗಿ ಟಾಪ್ ಗೇರನ್ನೂ ತಗ್ಗಾಗಿಯೇ ಇಡುತ್ತಿದ್ದರು, ಅಂದರೆ ವೇಗ ಹೆಚ್ಚಿದಂತೆ ಎಂಜಿನ್ ಬಿರುಸಾಗಿ ತಿರುಗಬೇಕು. ಅಂಕುಡೊಂಕಿನ ಊರ ರಸ್ತೆಗಳಲ್ಲಿ ಅದು ಸರಿಯೇ. 1935ರಿಂದ ಜರ್ಮನಿಯಲ್ಲಿ ಆಟೊಬಾನ್ ಹೆದ್ದಾರಿಗಳು ತೆರೆಯತೊಡಗಿದ ಮೇಲೆ ಅದೇ ಕಾರುಗಳನ್ನು ಗಂಟೆಗಟ್ಟಲೆ ಒಂದೇ ಸಮ ಅತಿವೇಗದಲ್ಲಿ ಓಡಿಸಿದರು. ಎಂಜಿನ್ ಬೇರಿಂಗ್‌ಗಳು ತಡೆಯಲಿಲ್ಲ. 1938ರ ಕೊನೆಯಲ್ಲಿ ಡರ್ಬಿಯ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ 4¼ ಲೀಟರ್ ಬೆಂಟ್ಲಿಗೆ, ಅದೇ ವೇಗದಲ್ಲಿ ಎಂಜಿನ್ ನಿಧಾನವಾಗಿ ತಿರುಗುವಂತೆ ಮಾಡುವ ಓವರ್‌ಡ್ರೈವ್ ಗೇರ್‌ಬಾಕ್ಸ್ ಬಂದದ್ದು ಹೀಗೆ.

ಅದಕ್ಕೂ ಹಿಂದಿನ ಕಾರು ಇರುವವರು ಇಂದು ಎರಡು ಬೇರೆ ಉಪಾಯ ಮಾಡುತ್ತಾರೆ. ಈ ಮೂರೂ ಬಗೆಯ ಕಾರುಗಳನ್ನು ಮೋಟರ್‌ವೇಯಲ್ಲೂ ಇಂಗ್ಲೆಂಡಿನ ಸ್ನೇಕ್ ಪಾಸ್ ಘಾಟಿಯಲ್ಲೂ ಓಡಿಸಿ ನೋಡಿದ ಮೇಲೆ ನನಗೆ ಖಚಿತವಾದದ್ದು ಇಷ್ಟು: ಟಾಪ್ ಗೇರ್ ಎಷ್ಟು ಎತ್ತರದ್ದು ಎನ್ನುವುದಕ್ಕಿಂತ, ಇಳಿಯಬೇಕಾದಾಗ ಅದರ ಕೆಳಗೆ ಯಾವ ಗೇರ್ ಸಿಗುತ್ತದೆ ಎನ್ನುವುದೇ ಮುಖ್ಯ.

ಅಗ್ಗದ ಉಪಾಯ ಹಿಂದಿನ ಆಕ್ಸಲ್‌ನ ಕ್ರೌನ್-ಪಿನಿಯನ್ ಹಲ್ಲುಗಾಲಿ ಜೋಡಿ ಬದಲಿಸಿ, ಮೂಲದ 4.1 ಅನುಪಾತವನ್ನು (ಚಕ್ರದ ಒಂದು ಸುತ್ತಿಗೆ ಶಾಫ್ಟ್ ಎಷ್ಟು ಸುತ್ತು ಎನ್ನುವ ಲೆಕ್ಕ; ಇದು ಇಳಿದಷ್ಟೂ ಗೇರ್ ಎತ್ತರ) 3.6ರ ಆಸುಪಾಸಿಗೆ ಇಳಿಸುವುದು. ಮೋಟರ್‌ವೇಯಲ್ಲಿ ಹಿತವಾಗಿದೆ. ಆದರೆ ಮೊದಲ ಗೇರ್ ಕೂಡ ಅಷ್ಟೇ ಎತ್ತರವಾಗುತ್ತದೆ. ಏರಿನಲ್ಲಿ ನಿಂತು ಹೊರಡುವಾಗ ಕ್ಲಚ್ ಅರ್ಧ ಒತ್ತಿಹಿಡಿದು ಕಾಯಬೇಕು, ಸುಟ್ಟ ವಾಸನೆ ಕಾರಿನೊಳಗೇ ಬರುತ್ತದೆ. ಭಾರವಾದ ಸಲೂನ್ ಬಾಡಿಯ ಕಾರಿಗೆ ಇದನ್ನು ಯಾರಿಗೂ ಹೇಳಲಾರೆ.

ಎರಡನೆಯದು, ಎಂಜಿನ್ ಶಕ್ತಿಯನ್ನು ಹಿಂದಿನ ಆಕ್ಸಲ್‌ಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸಿ ಮಧ್ಯೆ ಈ ಕಾಲದ ಓವರ್‌ಡ್ರೈವ್ ಘಟಕ ಕೂರಿಸುವುದು. ಅನುಪಾತ ಸುಮಾರು 0.78, ಎಂಜಿನ್ ವೇಗ ನೂರಕ್ಕೆ 22ರಷ್ಟು ಇಳಿಯುತ್ತದೆ. ಸ್ವಿಚ್ ಒತ್ತಿದರೆ ಸಾಕು. ಮೂಲ ಗೇರ್‌ಗಳು ಹಾಗೆಯೇ ಉಳಿಯುವುದರಿಂದ ಘಾಟಿಯಲ್ಲಿ ತೊಂದರೆಯಿಲ್ಲ. ದೂರದ ಪ್ರಯಾಣಕ್ಕೆ ಮೂರರಲ್ಲಿ ಇದೇ ಮೇಲು.

ಆದರೂ ನನ್ನ ಮನಸ್ಸು ಗೆದ್ದದ್ದು 1938ರ ಕೊನೆಯಿಂದ ಬಂದ ಎಂಆರ್, ಎಂಎಕ್ಸ್ ಸರಣಿಯ ಮೂಲ ಗೇರ್‌ಬಾಕ್ಸ್. ಇಲ್ಲಿ ಡೈರೆಕ್ಟ್, ಅಂದರೆ ಎಂಜಿನ್ ವೇಗವನ್ನು ಬದಲಿಸದೆ ದಾಟಿಸುವುದು, ಮೂರನೆಯ ಗೇರ್, ನಾಲ್ಕನೆಯದು ಓವರ್‌ಡ್ರೈವ್. ಆಕ್ಸಲ್ 4.3 ಆದ್ದರಿಂದ ಮೂರನೆಯದರಲ್ಲಿ ಒಟ್ಟು ಅನುಪಾತವೂ ಅಷ್ಟೇ, ನಾಲ್ಕನೆಯದರಲ್ಲಿ ಸುಮಾರು 3.64. ಹಳೆಯ ಕಾರಿನಲ್ಲಿ ಟಾಪ್‌ನಿಂದ ಇಳಿದರೆ ನೇರ 5.1ಕ್ಕೆ ಬೀಳುತ್ತೇವೆ, ಎಂಜಿನ್ ಗದ್ದಲ ಏರಿಬಿಡುತ್ತದೆ. ಎಂಎಕ್ಸ್‌ನಲ್ಲಿ ಹಾಗಿಲ್ಲ. ಘಾಟಿಯ ಬುಡದ ಗ್ಲಾಸಪ್ ಊರು ದಾಟಿ ಏರು ಶುರುವಾದಾಗ ಬಲಗೈ ಬದಿಯ ಗೇರ್ ಲಿವರ್ ಹಿಡಿದು ಮೂರಕ್ಕೆ ತಂದೆ. ಪಕ್ಕದಲ್ಲಿ ಕುಳಿತವರ ಮಾತು ನಡುವೆ ನಿಲ್ಲಲೂ ಇಲ್ಲ. ಘಾಟಿಯ ಬಹುಪಾಲು ಆ ಒಂದೇ ಗೇರಿನಲ್ಲಿ ಕಳೆಯಿತು. ಮೋಟರ್‌ವೇಯಲ್ಲಿ ಹಳೆಯ ಕಾರಿಗಿಂತ ಎಂಜಿನ್ ನೂರಕ್ಕೆ 11ರಷ್ಟು ನಿಧಾನವಾಗಿ ತಿರುಗುತ್ತದೆ. ಹೊಸ ಘಟಕದ ಅರ್ಧದಷ್ಟು ಲಾಭ ಮಾತ್ರ. ಆದರೆ ಅಷ್ಟು ಸಾಕು, ಏಕೆಂದರೆ ಸಣ್ಣ ಏರಿಗೆಲ್ಲ ಕೆಳಗಿನ ಗೇರ್ ಹುಡುಕಬೇಕಾಗಿಲ್ಲ.

ಅಮೆರಿಕದಲ್ಲಿ ಕ್ರೈಸ್ಲರ್ ಏರ್‌ಫ್ಲೋ 1934ರಲ್ಲೇ ತಾನಾಗಿ ಹಿಡಿಯುವ ಓವರ್‌ಡ್ರೈವ್ ತಂದಿತ್ತು: ಸಾಕಷ್ಟು ವೇಗ ಬಂದ ಮೇಲೆ ಎಕ್ಸಲರೇಟರ್‌ನಿಂದ ಕಾಲೆತ್ತಿದರೆ ಸಾಕು. ಜಾಣ ಏರ್ಪಾಡು ಹೌದು. ಆದರೆ ಕಡಿಮೆ ವೇಗದಲ್ಲಿ ಫ್ರೀವೀಲ್ ಆಗಿ ಎಂಜಿನ್ ಹಿಡಿತ ತಪ್ಪುತ್ತದೆ, ಇಳಿಜಾರಿನಲ್ಲಿ ಎಲ್ಲ ಭಾರವೂ ಬ್ರೇಕಿನ ಮೇಲೆ. ಬೆಟ್ಟದ ಸೀಮೆಗೆ ಅದು ನನಗೆ ಒಪ್ಪದು.

ಎಂಆರ್, ಎಂಎಕ್ಸ್ ಸೇರಿ ತಯಾರಾದದ್ದು ಸುಮಾರು 200 ಕಾರು, ಬಿಡಿ ಗೇರ್‌ಬಾಕ್ಸ್ ಸಿಗುವುದು ದುರ್ಲಭ. ಹಳೆಯ ಸರಣಿಯ ಕಾರು ಇದ್ದವರು ಹೊಸ ಘಟಕವನ್ನೇ ಹಾಕಿಸಲಿ. ಆದರೆ ಮೂಲ ಶಾಫ್ಟ್ ಕತ್ತರಿಸಲು ಬಿಡದೆ ಹೊಸದೊಂದನ್ನು ಅಳತೆಗೆ ಮಾಡಿಸಲಿ. ಬಿಚ್ಚಿದ್ದನ್ನು ಎಣ್ಣೆ ಸವರಿ ಕಾರಿನ ಜೊತೆಗೇ ಇಡಲಿ.