ಬಿಳಿಗಿರಿರಂಗನ ಬೆಟ್ಟದ ಹೆಜ್ಜೇನು: ತುಪ್ಪ ಉತ್ತಮ, ಚೀಟಿ ಅಪೂರ್ಣ

ಕಳೆದ ಬೇಸಿಗೆಯ ಕೊನೆಯಲ್ಲಿ ಯಳಂದೂರಿನ ಮೇಲೆ ಹಾದು ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿದ್ದಾಗ, ಅಲ್ಲಿನ ಆದಿವಾಸಿಗಳಾದ ಸೋಲಿಗರು ಕಾಡಿನಿಂದ ತಂದ ಜೇನು, ಸೀಗೆ, ನೆಲ್ಲಿಕಾಯಿ ಮಾರುವ ಪುಟ್ಟ ಮಳಿಗೆಯೊಂದರಲ್ಲಿ ಹೆಜ್ಜೇನಿನ ತುಪ್ಪದ ಎರಡು ಬಾಟಲಿ ಕೊಂಡೆ. ಒಂದು ಮುಗಿದು, ಇನ್ನೊಂದು ಅರ್ಧಕ್ಕೆ ಬಂದಿರುವುದರಿಂದ ಅದರ ಗುಣವನ್ನು ಈಗ ಧೈರ್ಯವಾಗಿ ಹೇಳಬಲ್ಲೆ.

ಬಣ್ಣ ಕಡು ಕಂದು, ಹದ ತೆಳು. ತೆಳುವಾಗಿದೆಯೆಂದು ನೀರು ಬೆರೆಸಿದ ಅನುಮಾನ ಬೇಡ; ಹೆಜ್ಜೇನಿನ ತುಪ್ಪದಲ್ಲಿ ನೀರಿನಂಶ ಸಹಜವಾಗಿಯೇ ಹೆಚ್ಚು. ನಾಲಿಗೆಗೆ ಮೊದಲು ಸಿಹಿ ತಾಕಿ, ಆಮೇಲೆ ಒಗರು ಬಂದು, ಕೊನೆಗೆ ಗಂಟಲಿನಲ್ಲಿ ಸಣ್ಣ ಕಹಿಯೊಂದು ಉಳಿಯುತ್ತದೆ. ಬಿಸಿ ರಾಗಿ ರೊಟ್ಟಿಯ ಜೊತೆ ಇದಕ್ಕೆ ಸಮನಾದುದನ್ನು ನಾನು ತಿಂದಿಲ್ಲ. ಹಾಲಿಗೆ ಮಾತ್ರ ಇದು ಹೊಂದದು.

ಹೆಜ್ಜೇನನ್ನು ತುಡುವೆ ಜೇನಿನಂತೆ ಪೆಟ್ಟಿಗೆಯಲ್ಲಿಟ್ಟು ಸಾಕಲಾಗುವುದಿಲ್ಲ. ಎತ್ತರದ ಮರ ಅಥವಾ ಬಂಡೆಯ ಮೈಗೆ ಕಟ್ಟಿದ ಹುಟ್ಟಿಗೆ ಹೊಗೆ ಹಾಕಿ, ನೊಣಗಳನ್ನು ಎಬ್ಬಿಸಿ ತುಪ್ಪ ಕೊಯ್ಯಬೇಕು. ಯಾವ ಹೂವು ಯಾವಾಗ ಅರಳುತ್ತದೆ, ಹುಟ್ಟು ಯಾವಾಗ ತುಂಬುತ್ತದೆ, ಎಷ್ಟು ಕೊಯ್ದು ಎಷ್ಟು ಬಿಡಬೇಕು ಎಂಬ ತಿಳಿವಳಿಕೆ ಸೋಲಿಗರ ಪುಟ್ಟ ಊರುಗಳಾದ ಪೋಡುಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಬಂದಿದೆ. ಕೊಯ್ದ ತುಪ್ಪದಲ್ಲಿ ಒಂದು ಪಾಲನ್ನು ಹುಲಿಗೆಂದು ನೆಲದ ಮೇಲೆ ಬಿಡುವುದೂ ಅವರ ರೂಢಿ; ಮರ ಹತ್ತಲಾರದ ಹುಲಿಗೆ ಜೇನು ತಾನಾಗಿ ದಕ್ಕುವುದಿಲ್ಲವಲ್ಲ ಎಂಬುದು ಅವರು ಕೊಡುವ ಕಾರಣ. ಈ ಮಾತು ಕೇಳಿದ ಮೇಲೆ ಬಾಟಲಿಯ ಬೆಲೆಯ ಬಗ್ಗೆ ಚೌಕಾಸಿ ಮಾಡಲು ನನಗೆ ಮನಸ್ಸಾಗಲಿಲ್ಲ.

ಈ ತುಪ್ಪ ನಮ್ಮ ಕೈಗೆ ಬರುವುದು ಸುಲಭವಾಗಿರಲಿಲ್ಲ ಎಂಬುದನ್ನೂ ಹೇಳಬೇಕು. 1974ರಲ್ಲಿ ಬೆಟ್ಟ ವನ್ಯಜೀವಿಧಾಮವಾದ ಬಳಿಕ ಸೋಲಿಗರ ಕಾಡು ಬೇಸಾಯ ನಿಂತಿತು. ಮುಂದೆ ಜೇನು, ಸೀಗೆಯಂಥ ಕಿರು ಅರಣ್ಯ ಉತ್ಪನ್ನಗಳ ಸಂಗ್ರಹಕ್ಕೂ ಕೆಲಕಾಲ ತಡೆ ಬಿದ್ದು, ಅನೇಕ ಮನೆಗಳ ಆದಾಯ ಕಡಿದುಹೋಯಿತು. ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾದ 2011ರಲ್ಲೇ, 2006ರ ಅರಣ್ಯ ಹಕ್ಕು ಕಾಯ್ದೆಯಡಿ ಇಲ್ಲಿನ ಗ್ರಾಮಸಭೆಗಳಿಗೆ ಈ ಸಂಗ್ರಹವೂ ಸೇರಿದ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು.

ಇಷ್ಟೆಲ್ಲ ಹಿನ್ನೆಲೆಯಿರುವ ತುಪ್ಪದ ಬಾಟಲಿಯ ಮೇಲೆ ಅಂಟಿಸಿದ ಚೀಟಿಯಲ್ಲಿ ‘ಕಾಡಿನ ಜೇನು’ ಎಂದಷ್ಟೇ ಇದ್ದದ್ದು ನನಗೆ ನೋವುಂಟುಮಾಡಿತು. ತಮ್ಮ ಕುಲದ ಕುಸುಮಾಲೆಯನ್ನು ವರಿಸಿದನೆಂದು ಬೆಟ್ಟದ ರಂಗನಾಥನನ್ನೇ ಭಾವನೆಂದು ಕರೆಯುವ ಸೋಲಿಗರ ಹೆಸರು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಕೊಯ್ದ ತಿಂಗಳೂ ಇರಲಿಲ್ಲ. ತಿಂಗಳು ಗೊತ್ತಾದರೆ ಯಾವ ಹೂವಿನ ಕಾಲದ ತುಪ್ಪವೆಂದು ಊಹಿಸಬಹುದು. ಬೇಗ ಹುಳಿಯುವ ತೆಳು ಜೇನನ್ನು ಎಷ್ಟು ದಿನ ಇಡಬಹುದೆಂಬ ಅಂದಾಜೂ ಸಿಗುತ್ತದೆ. ಪ್ಲಾಸ್ಟಿಕ್ ಮುಚ್ಚಳ ಸಡಿಲವಾಗಿದ್ದು, ಮನೆ ಸೇರುವಷ್ಟರಲ್ಲಿ ಚೀಲದೊಳಗೆ ಒಂದಿಷ್ಟು ಸೋರಿತ್ತು.

ಆದರೂ ತುಪ್ಪದ ವಿಷಯದಲ್ಲಿ ನನ್ನ ಶಿಫಾರಸಿಗೆ ಎರಡನೆಯ ಮಾತಿಲ್ಲ. ಕೊಳ್ಳುವವರು ಯಾವ ತಿಂಗಳ ಕೊಯ್ಲು, ಯಾವ ಪೋಡಿನದು ಎಂದು ಕೇಳಿಯೇ ಕೊಳ್ಳಿ, ಮನೆಗೆ ತಂದೊಡನೆ ಗಾಜಿನ ಬಾಟಲಿಗೆ ಸುರಿದುಕೊಳ್ಳಿ, ಒದ್ದೆ ಚಮಚ ಹಾಕಬೇಡಿ.