ಕಲಬುರಗಿ ಬೇಸಿಗೆಗೆ ಯಾವ ಥರ್ಮಲ್ ಪೇಸ್ಟ್? ಹಚ್ಚಿ ನೋಡಿದ ಮೂರು

ನಾನು ಮದುವೆ ವಿಡಿಯೊ ಎಡಿಟ್ ಮಾಡುತ್ತೇನೆ. ಈ ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ, ನನ್ನ ರೂಮಿನಲ್ಲಿ 36. ಮಧ್ಯಾಹ್ನ ರೆಂಡರ್‌ಗೆ (ಎಡಿಟ್ ಮಾಡಿದ್ದನ್ನು ಪೂರ್ತಿ ವಿಡಿಯೊ ಫೈಲ್ ಮಾಡುವ ಕೆಲಸ) ಹಾಕಿದರೆ ನನ್ನ ಕಂಪ್ಯೂಟರಿನ ಪ್ರೊಸೆಸರ್ ರೈಜೆನ್ 5 3600 ಸೀದಾ 95 ಡಿಗ್ರಿಗೆ ಹೋಗಿ ನಿಲ್ಲುತ್ತಿತ್ತು. ಆ ಪ್ರೊಸೆಸರಿಗೆ ಅದೇ ಮಿತಿ. ಅಲ್ಲಿಗೆ ಮುಟ್ಟಿದರೆ ತಾನಾಗಿ ವೇಗ ಇಳಿಸಿಕೊಳ್ಳುತ್ತದೆ. ಹಾಗಾಗಿ ದೊಡ್ಡ ಫೈಲ್ ಇದ್ದರೆ ರಾತ್ರಿ ತಂಪಾಗಲಿ ಅಂತ ಕಾಯುತ್ತಿದ್ದೆ.

ಪ್ರೊಸೆಸರಿನ ಬಿಸಿಯನ್ನು ಮೇಲಿನ ಕೂಲರಿಗೆ ದಾಟಿಸಲು ಎರಡರ ನಡುವೆ ಹಚ್ಚುವುದೇ ಥರ್ಮಲ್ ಪೇಸ್ಟ್. ನನ್ನದರಲ್ಲಿ ಇದ್ದದ್ದು ಹೋದ ವರ್ಷ ಹಚ್ಚಿದ್ದ, ಹೆಸರಿಲ್ಲದ ಅಗ್ಗದ ಬಿಳಿ ಪೇಸ್ಟ್. ಹಚ್ಚಿದ ದಿನ 90 ತೋರಿಸಿತ್ತು, ಪರವಾಗಿಲ್ಲ ಅನ್ನಿಸಿತ್ತು. ಒಂದೇ ಬೇಸಿಗೆಗೆ ಒಣಗಿ ಸುಣ್ಣದ ಹಾಗಾಗಿತ್ತು. ಕೂಲರ್ ಸ್ಕ್ರೂ ಬಿಚ್ಚಿ ಮೇಲಕ್ಕೆ ಎಳೆದೆ. ಪ್ರೊಸೆಸರೂ ಅದಕ್ಕೇ ಅಂಟಿಕೊಂಡು ಸಾಕೆಟ್‌ನಿಂದ ಕಿತ್ತು ಬಂತು. ಎಎಂ4 ಸಾಕೆಟ್‌ನ ಇಂಥ ಪ್ರೊಸೆಸರಿಗೆ ಪಿನ್ನುಗಳು ಅಡಿಯಲ್ಲೇ ಇರುತ್ತವೆ, ಒಟ್ಟು 1331. ಎರಡು ಬಾಗಿದ್ದವು. ಬ್ಲೇಡಿನ ತುದಿಯಿಂದ ಅವನ್ನು ನೆಟ್ಟಗೆ ಮಾಡುವಾಗ ಉಸಿರು ಬಿಗಿಹಿಡಿದಿದ್ದೆ. ದಯವಿಟ್ಟು ಹೀಗೆ ಎಳೆಯಬೇಡಿ. ಮೊದಲು ಹತ್ತು ನಿಮಿಷ ಕಂಪ್ಯೂಟರಿಗೆ ಭಾರಿ ಕೆಲಸ ಕೊಟ್ಟು ಪೇಸ್ಟ್ ಮೆತ್ತಗಾಗಿಸಿ. ಆಫ್ ಮಾಡಿ, ಸ್ಕ್ರೂ ಬಿಚ್ಚಿ, ಕೂಲರನ್ನು ಮೆಲ್ಲಗೆ ಎಡಕ್ಕೆ ಬಲಕ್ಕೆ ತಿರುಗಿಸಿ, ಆಮೇಲೆ ಎತ್ತಿ.

ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಕೂಲರಿನ ಧೂಳು ತೆಗೆದು, ಎರಡು ಹೊಸ ಪೇಸ್ಟ್ ಒಂದಾದ ಮೇಲೊಂದು ಹಚ್ಚಿದೆ. ಅದೇ ರೆಂಡರ್, ಅದೇ ಮಧ್ಯಾಹ್ನ 2 ಗಂಟೆ. ನಾಕ್ಟುವಾ ಎನ್‌ಟಿ-ಎಚ್1 ಹಚ್ಚಿದಾಗ 87, ಆರ್ಕ್ಟಿಕ್ ಎಂಎಕ್ಸ್-4 ಹಚ್ಚಿದಾಗ 88. ಒಂದು ಡಿಗ್ರಿ ವ್ಯತ್ಯಾಸ ರೂಮಿನ ಗಾಳಿಯಿಂದಲೂ ಬರಬಹುದು, ಅಲ್ವಾ? ಎರಡರಲ್ಲೂ ವಿದ್ಯುತ್ ಹರಿಯುವುದಿಲ್ಲ, ಅಕ್ಕಪಕ್ಕ ಸ್ವಲ್ಪ ತಾಗಿದರೂ ಭಯವಿಲ್ಲ. ನಾನು ಎಂಎಕ್ಸ್-4 ಇಟ್ಟುಕೊಂಡೆ. ನನಗೆ ಅದು ಕಡಿಮೆ ಬೆಲೆಗೆ ಸಿಕ್ಕಿತು. ಎಂಟು ವರ್ಷ ಬಾಳುತ್ತದೆ ಅಂತ ಕಂಪನಿಯೇ ಹೇಳುತ್ತದೆ, ಒಂದೇ ವರ್ಷಕ್ಕೆ ಒಣಗಿದ್ದನ್ನು ಕಂಡವನಿಗೆ ಆ ಮಾತು ದೊಡ್ಡದು. ಪೇಸ್ಟ್ ಬದಲು ಹಚ್ಚುವ ದ್ರವ ಲೋಹ, ಅಂದರೆ ಲಿಕ್ವಿಡ್ ಮೆಟಲ್, ಮುಟ್ಟಲಿಲ್ಲ. ಅದರಲ್ಲಿರುವ ಗ್ಯಾಲಿಯಂ ಅಲ್ಯೂಮಿನಿಯಂ ತಿನ್ನುತ್ತದೆ. ಪ್ರೊಸೆಸರ್ ಜೊತೆ ಬಂದ ನನ್ನ ಕೂಲರ್ ಪೂರ್ತಿ ಅಲ್ಯೂಮಿನಿಯಂ.

ಪೇಸ್ಟಿನ ಹೆಸರಿಗಿಂತ ಹಚ್ಚುವ ರೀತಿ ನನಗೆ ಜಾಸ್ತಿ ಕಲಿಸಿತು. ನಡುವೆ ತೊಗರಿ ಕಾಳಿನಷ್ಟು ಒಂದು ಚುಕ್ಕೆ ಇಟ್ಟಾಗ ಬಂದದ್ದೇ ಆ 88. ಬಿಚ್ಚಿ ನೋಡಿದರೆ ನಾಲ್ಕು ಮೂಲೆಯೂ ಒಣ ಒಣ. ಈ ಪ್ರೊಸೆಸರಿನಲ್ಲಿ ಲೆಕ್ಕ ಮಾಡುವ ಚಿಪ್ಪು ನಟ್ಟನಡುವೆ ಇಲ್ಲ, ಒಂದು ಪಕ್ಕಕ್ಕಿದೆ. ಮೂಲೆಯಿಂದ ಮೂಲೆಗೆ ತೆಳ್ಳಗೆ ಎರಡು ಗೆರೆ ಎಳೆದಾಗ 86ಕ್ಕೆ ಇಳಿಯಿತು. ಕಾರ್ಡಿನಿಂದ ಸವರಿಯೂ ನೋಡಿದೆ, ಮತ್ತೆ 88. ಕೈಕೆಲಸ ಜಾಸ್ತಿ, ಲಾಭ ಇಲ್ಲ. ಸ್ಕ್ರೂಗಳನ್ನು ಮಾತ್ರ ಎದುರುಬದುರು ಮೂಲೆಯವನ್ನು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಒಂದನ್ನೇ ಪೂರ್ತಿ ತಿರುಗಿಸಿದರೆ ಪೇಸ್ಟ್ ಒಂದೇ ಕಡೆ ಸರಿಯುತ್ತದೆ.

ನಿನ್ನೆ ಎರಡು ತಾಸಿನ ಮದುವೆಯೊಂದನ್ನು ಊಟಕ್ಕೆ ಏಳುವ ಮುಂಚೆ, ಉರಿ ಬಿಸಿಲಲ್ಲೇ ರೆಂಡರ್‌ಗೆ ಹಾಕಿದೆ. ರಾತ್ರಿಗೆ ಕಾಯಲಿಲ್ಲ.